ಕೇಳಿ, ಮತ್ತೆ ಕೇಳಿ

ಶ್ರೋತೃಗಳಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರು ಕಚೇರಿಯ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, ಸಭೆ ಯಾವ ದಿನಕ್ಕೆ ಮುಂದೆ ಹೋಗಿದೆ, ಅದಕ್ಕೆ ಯಾವ ಕಡತ ತರಬೇಕು, ಯಾರಿಗೆ ಮೊದಲೇ ತಿಳಿಸಬೇಕು ಎಂಬುದನ್ನೆಲ್ಲ ನಿಧಾನವಾಗಿ ವಿವರಿಸಿದರು. ನಾನು ಅವರ ಎದುರಿಗೇ ನಿಂತಿದ್ದೆ, ತಲೆಯಾಡಿಸುತ್ತಿದ್ದೆ, ಹೂಂ ಎನ್ನಬೇಕಾದ ಕಡೆಯಲ್ಲೆಲ್ಲ ಹೂಂ ಎಂದೆ. ಅವರ ಅಂಗಿಯ ಎರಡನೆಯ ಗುಂಡಿಯ ದಾರ ಸಡಿಲಗೊಂಡಿತ್ತು. ಅವರು ಕೈಯೆತ್ತಿದಾಗಲೆಲ್ಲ ಅದು ಅರ್ಧ ಸುತ್ತು ತಿರುಗಿ ಮತ್ತೆ ಹಿಂದಕ್ಕೆ ಬರುತ್ತಿತ್ತು. ಆ ಗುಂಡಿಗೆ ನಾಲ್ಕು ತೂತುಗಳಿದ್ದವು, ದಾರವಿದ್ದದ್ದು ಮೂರರಲ್ಲಿ ಮಾತ್ರ. ಇದು ನನಗೆ ಇಂದಿಗೂ ನೆನಪಿದೆ. ಸಭೆಯ ದಿನ ಯಾವುದೆಂಬುದು ಮಾತ್ರ ಅವರು ಮೆಟ್ಟಿಲಿಳಿದು ಮುಗಿಯುವ ಮೊದಲೇ ನನ್ನ ತಲೆಯಲ್ಲಿರಲಿಲ್ಲ. ಆ ಸಭೆಗೆ ನಾನು ಹೋಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅದಾದ ಕೆಲವು ತಿಂಗಳಿಗೆ ಮನೋವೈದ್ಯರು ನನಗೆ ಗಮನದ ಕೊರತೆಯ ತೊಂದರೆ, ಅಂದರೆ ಎಡಿಎಚ್‌ಡಿ, ಇದೆಯೆಂದು ಗುರುತಿಸಿದರು. ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ಕೈಪಿಡಿಯಲ್ಲಿ ಗಮನದ ಕೊರತೆ ಎಂಬ ಹೆಸರು ಬಂದದ್ದು 1980ರಲ್ಲಿ; ಆಗ ಅದನ್ನು ಮುಖ್ಯವಾಗಿ ಮಕ್ಕಳ ತೊಂದರೆಯೆಂದೇ ಎಣಿಸುತ್ತಿದ್ದರು. 2013ರ ಆವೃತ್ತಿ ವಯಸ್ಕರಿಗೆಂದು ಅಳತೆಯನ್ನು ಸ್ವಲ್ಪ ಬದಲಾಯಿಸಿತು: 17 ವರ್ಷ ತುಂಬಿದವರಲ್ಲಿ ಆರರ ಬದಲು ಐದು ಲಕ್ಷಣಗಳಿದ್ದರೆ ಸಾಕು, ಆದರೆ ಅವುಗಳಲ್ಲಿ ಕೆಲವಾದರೂ 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ನೇರವಾಗಿ ಮಾತನಾಡಿಸುತ್ತಿರುವಾಗಲೂ ಕೇಳಿಸಿಕೊಳ್ಳದವರಂತೆ ಕಾಣುವುದು ಆ ಲಕ್ಷಣಗಳಲ್ಲೊಂದು. ಕಾಣುವುದು ಎಂಬ ಪದವನ್ನು ಗಮನಿಸಿ. ಅದು ಮಾತನಾಡುವವರ ಕಡೆಯಿಂದ ನೋಡಿ ಬರೆದದ್ದು. ನನ್ನಂಥವರಲ್ಲಿ ಅನೇಕರು ವರ್ಷಗಟ್ಟಲೆ ಇದರ ತಿರುಗುಮುರುಗನ್ನು ಅಭ್ಯಾಸ ಮಾಡಿಕೊಂಡಿರುತ್ತೇವೆ: ಕೇಳಿಸಿಕೊಳ್ಳದಿದ್ದರೂ ಕೇಳಿಸಿಕೊಂಡವರಂತೆ ಕಾಣುವುದು.

ಮೊದಲು ಕಿವಿಯ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರು, ಮಾಡಿಸಿದೆ, ಶ್ರವಣದಲ್ಲಿ ಯಾವ ದೋಷವೂ ಇರಲಿಲ್ಲ. ಇದೇ ತೊಂದರೆ ನಿಮಗೂ ಇದ್ದರೆ ಈ ಪರೀಕ್ಷೆಯನ್ನು ಬಿಡಬೇಡಿ. ಶ್ರವಣದೋಷವನ್ನೇ ಗಮನದ ಕೊರತೆಯೆಂದು ತಿಳಿಯುವ ಸಾಧ್ಯತೆಯೂ ಉಂಟು.

ಕಿವಿ ಸರಿಯಿದ್ದರೆ ಮಾತು ಎಲ್ಲಿ ಕಳೆದುಹೋಗುತ್ತದೆ? ಗದ್ದಲದ ಕೋಣೆಯಲ್ಲಿ ಹಲವರು ಮಾತನಾಡುತ್ತಿರುವಾಗ ನಾವು ಒಬ್ಬರ ದನಿಯನ್ನು ಮಾತ್ರ ಹೇಗೆ ಹಿಡಿದುಕೊಳ್ಳುತ್ತೇವೆ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಸಂಶೋಧಕ ಕಾಲಿನ್ ಚೆರಿ 1953ರಲ್ಲಿ ಕೈಗೆತ್ತಿಕೊಂಡರು. ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಗಟ್ಟಿಯಾಗಿ ಹೇಳುತ್ತ ಹೋಗಿ ಎಂದಾಗ, ಇನ್ನೊಂದು ಕಿವಿಯ ಮಾತಿನ ಅರ್ಥ ಜನರಿಗೆ ಹೆಚ್ಚುಕಡಿಮೆ ಏನೂ ದಕ್ಕುತ್ತಿರಲಿಲ್ಲ. ಗಮನವೆಂದರೆ ಒಂದನ್ನು ಆರಿಸಿ ಮಿಕ್ಕದ್ದನ್ನು ಬಿಡುವುದು ಎಂದಾಯಿತು. ನನ್ನ ತೊಂದರೆ ಇರುವುದು ಈ ಆಯ್ಕೆಯಲ್ಲಿ. ಗಮನ ನನ್ನಲ್ಲಿ ಇಲ್ಲದೆಯೇನಿಲ್ಲ, ಗುಂಡಿಯ ಮೇಲೆ ಅದು ಧಾರಾಳವಾಗಿಯೇ ಇತ್ತು. ಅದರ ಲಗಾಮು ನನ್ನ ಕೈಯಲ್ಲಿರುವುದಿಲ್ಲ, ಅಷ್ಟೇ. ನಿಮಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದದ್ದು ಅರ್ಧ ನಿಜ. ಆಸಕ್ತಿಯಿದ್ದ ಕಡೆ ಮನಸ್ಸು ತಾನೇ ಹೋಗಿ ಅಂಟಿಕೊಳ್ಳುತ್ತದೆ, ಇಲ್ಲದ ಕಡೆ ಎಷ್ಟು ಹಟ ಮಾಡಿದರೂ ನಿಲ್ಲುವುದಿಲ್ಲ. ಅವಳ ಮೇಲಿನ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಅವಳಿಗೆ ಒಪ್ಪಿಸುವುದಕ್ಕಿಂತ, ನಾನು ನಂಬುವುದೇ ಹೆಚ್ಚು ಕಷ್ಟವಾಯಿತು.

ಕಾರ್ಯಸ್ಮೃತಿಯ ಮಾತು ಇನ್ನೊಂದು. ಕೇಳಿದ್ದನ್ನು ಬಳಸಿ ಮುಗಿಸುವವರೆಗೆ ಹಿಡಿದಿಟ್ಟುಕೊಳ್ಳುವ ಈ ಜಾಗ ಯಾರಿಗೂ ದೊಡ್ಡದಲ್ಲ. ಸುಮಾರು ನಾಲ್ಕು ಸಂಗತಿಗಳಿಗಷ್ಟೇ ಅಲ್ಲಿ ಎಡೆಯಿರುತ್ತದೆ ಎಂಬುದು ಈಗಿನ ಅನೇಕ ಸಂಶೋಧಕರ ಅಂದಾಜು. ಎಡಿಎಚ್‌ಡಿ ಇರುವ ಅನೇಕರಲ್ಲಿ ಆ ಹಿಡಿತ ಇನ್ನಷ್ಟು ಸಡಿಲ. ಕನ್ನಡದಲ್ಲಿ ಇದಕ್ಕೊಂದು ವಿಶೇಷ ಪೇಚು ಸೇರುತ್ತದೆ. ನಾಳೆ ಬೆಳಗ್ಗೆ ಒಂಬತ್ತಕ್ಕೆ ಹಳೆಯ ಕಟ್ಟಡದ ಬೀಗದ ಕೈ ತೆಗೆದುಕೊಂಡು ಬರುವುದು ಬೇಡ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇಡೀ ವಾಕ್ಯದ ಹಣೆಬರಹ ಕೊನೆಯ ಒಂದು ಪದದಲ್ಲಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದವೂ ನಿಷೇಧವೂ ಕೊನೆಗೆ ಬರುವುದರಿಂದ, ಬರುವುದು ಎಂಬವರೆಗೆ ಕೇಳಿ ಮನಸ್ಸು ಕಿಟಕಿಯಾಚೆಗೆ ಹೋದವನು ಮರುದಿನ ಒಂಬತ್ತಕ್ಕೆ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ನಾನು ಹಾಗೆ ನಿಂತಿದ್ದೇನೆ.

ಹಾಗಾದರೆ ಮಾಡಬೇಕಾದದ್ದೇನು? ಏಕಾಗ್ರತೆಯಿಂದ ಕೇಳು ಎಂಬ ಉಪದೇಶದಿಂದ ನನಗೆ ಯಾವ ಪ್ರಯೋಜನವೂ ಆಗಿಲ್ಲ. ಕಣ್ಣಲ್ಲಿ ಕಣ್ಣಿಟ್ಟು, ಬೆನ್ನು ನೆಟ್ಟಗೆ ಮಾಡಿ, ಗಮನವಿಡುತ್ತೇನೆ ಗಮನವಿಡುತ್ತೇನೆ ಎಂದು ಮನಸ್ಸಿನಲ್ಲೇ ಜಪಿಸುವಾಗ ಇದ್ದಬದ್ದ ಗಮನವೆಲ್ಲ ಆ ಜಪಕ್ಕೇ ಖರ್ಚಾಗುತ್ತದೆ. ಮನಸ್ಸು ಜಾರದಂತೆ ತಡೆಯುವ ಆಸೆಯನ್ನು ಬಿಟ್ಟು, ಜಾರಿದ್ದನ್ನು ಬೇಗ ಕಂಡುಹಿಡಿಯುವುದನ್ನು ಕಲಿತ ಮೇಲೆಯೇ ನನಗೆ ಏನಾದರೂ ಸುಧಾರಣೆ ಕಂಡದ್ದು. ಅದನ್ನು ಕಂಡುಹಿಡಿಯಲು ನನಗೆ ನೆರವಾದದ್ದು ನನ್ನದೇ ಹೂಂಕಾರ. ನಿಜವಾಗಿ ಕೇಳುತ್ತಿರುವಾಗ ನನ್ನ ಹೂಂ ಒಂದೇ ಸಮ ಇರುವುದಿಲ್ಲ. ನಡುವೆ ಹೌದಾ, ಯಾವಾಗ, ಅಯ್ಯೋ ಎಂಬುವು ಬರುತ್ತವೆ. ಒಂದೇ ಸ್ವರದ ಹೂಂ ಮೂರು ಸಲ ಬಂತೆಂದರೆ ನಾನು ಅಲ್ಲಿಲ್ಲ ಎಂದೇ ಅರ್ಥ.

ಆಗ ಕೇಳಬೇಕು. ಕನ್ನಡದಲ್ಲಿ ಕೇಳುವುದು ಎಂದರೆ ಕಿವಿಗೊಡುವುದೂ ಹೌದು, ಪ್ರಶ್ನಿಸುವುದೂ ಹೌದು. ನನ್ನಂಥವರ ಪಾಲಿಗೆ ಎರಡನೆಯ ಕೇಳುವಿಕೆಯಿಲ್ಲದೆ ಮೊದಲನೆಯದು ನಡೆಯುವುದೇ ಇಲ್ಲ. ಆದರೆ ಏನಂದಿರಿ ಎಂದು ಬರಿದೇ ಕೇಳಿದರೆ ಎದುರಿನವರು ಮೊದಲಿನಿಂದ ಶುರು ಮಾಡುತ್ತಾರೆ, ಅವರಿಗೂ ಬೇಸರ, ನಮಗೂ ಅವಮಾನ, ಅಷ್ಟರಲ್ಲಿ ಮನಸ್ಸು ಮತ್ತೊಮ್ಮೆ ಕೈಕೊಟ್ಟಿರುತ್ತದೆ. ಅದರ ಬದಲು, ಕಡತದ ವಿಷಯದವರೆಗೆ ತಿಳಿಯಿತು, ಯಾರಿಗೆ ಹೇಳಬೇಕೆಂದಿರೋ ಅದು ತಪ್ಪಿಹೋಯಿತು, ಎಂದು ಹರಿದ ಜಾಗವನ್ನೇ ತೋರಿಸಿ ಕೇಳಿದರೆ ಅಲ್ಲಿಂದ ಮುಂದಕ್ಕೆ ಹೊಲಿಗೆ ಹಾಕಬಹುದು. ಇದರಿಂದ ಯಾರಾದರೂ ಸಿಟ್ಟಾಗುವರೆಂದು ಮೊದಮೊದಲು ಹೆದರಿದ್ದೆ. ಅರ್ಧ ಕೇಳಿಸಿಕೊಂಡಿದ್ದೇನೆ ಎಂಬ ಪುರಾವೆ ಸಿಕ್ಕಿದ್ದಕ್ಕೆ ಹೆಚ್ಚಿನವರು ಸಂತೋಷವನ್ನೇ ಪಟ್ಟರು.

ಕೊನೆಯಲ್ಲಿ ಕೇಳಿದ್ದನ್ನು ತಿರುಗಿ ಹೇಳುವುದು ಇದರದೇ ಮುಂದುವರಿಕೆ. ವಿಮಾನ ಚಾಲಕರು ನಿಯಂತ್ರಣ ಕೇಂದ್ರದಿಂದ ಬಂದ ಅನುಮತಿಯನ್ನೂ ಓಡುದಾರಿಯ ಸೂಚನೆಯನ್ನೂ ಬಾಯಿಬಿಟ್ಟು ತಿರುಗಿ ಹೇಳಲೇಬೇಕು, ತಪ್ಪಿದ್ದರೆ ಕೇಂದ್ರದವರು ಅಲ್ಲಿಯೇ ತಿದ್ದಬೇಕು. ಇದು ವಿಶ್ವದಾದ್ಯಂತ ಇರುವ ನಿಯಮ. ನುರಿತ ಚಾಲಕರ ಕಿವಿಯನ್ನೇ ಪೂರ್ತಿ ನಂಬದ ಒಂದು ವ್ಯವಸ್ಥೆ ಇರುವಾಗ ನಾನು ನಾಚಿಕೊಳ್ಳುವುದೇಕೆ?

ಇನ್ನು ನಡುವೆ ಬಾಯಿ ಹಾಕುವ ಚಾಳಿ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಎಂದರೆ ಎಲ್ಲರೂ ಕೇಳುತ್ತಿರುವಾಗಲೇ ಉತ್ತರ ಹೊಸೆಯುತ್ತಿರುತ್ತಾರೆ. ಬೇರೆಯವರು ಹೊಸೆದದ್ದನ್ನು ಬದಿಗಿಟ್ಟು ಕಾಯಬಲ್ಲರು. ನನಗೋ, ಈಗಲೇ ಹೇಳದಿದ್ದರೆ ಅದು ಹಾರಿಹೋಗುತ್ತದೆ ಎಂಬ ಭಯ. ಭಯ ಸುಳ್ಳೂ ಅಲ್ಲ. ಅದಕ್ಕೆಂದೇ ಅಂಗೈಯಗಲದ ಒಂದು ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಹೊಳೆದದ್ದನ್ನು ಒಂದೇ ಪದದಲ್ಲಿ ಬರೆದುಬಿಟ್ಟರೆ ಅದನ್ನು ಕಾಯುವ ಕೆಲಸ ಕಾಗದದ್ದು, ಕಿವಿ ಮತ್ತೆ ಖಾಲಿ. ಒಂದು ವಾಕ್ಯ ಬರೆಯಹೊರಟರೆ ಕೆಟ್ಟಿತು.

ಅದೇ ವರ್ಷ ಪ್ರಕಟವಾದ ಬ್ರಿಟನ್ನಿನ ಸಣ್ಣದೊಂದು ಪ್ರಯೋಗದಲ್ಲಿ, ನೀರಸವಾದ ದೂರವಾಣಿ ಸಂದೇಶವನ್ನು ಕೇಳುತ್ತ ಕಾಗದದ ಮೇಲಿನ ಆಕೃತಿಗಳಿಗೆ ಪೆನ್ಸಿಲಿನಿಂದ ಬಣ್ಣ ತುಂಬಿದವರು, ಸುಮ್ಮನೆ ಕುಳಿತು ಕೇಳಿದವರಿಗಿಂತ ಶೇಕಡಾ 29ರಷ್ಟು ಹೆಚ್ಚು ನೆನಪಿಟ್ಟುಕೊಂಡಿದ್ದರು. ಅವರು ಸಾಮಾನ್ಯ ಜನ, ಎಡಿಎಚ್‌ಡಿ ಇದ್ದವರೆಂದು ಆರಿಸಿದವರಲ್ಲ. ಆದ್ದರಿಂದ ಇದನ್ನು ಔಷಧಿಯಂತೆ ಹೇಳುತ್ತಿಲ್ಲ. ನನಗಂತೂ ಕೈಗೆ ಸಣ್ಣ ಕೆಲಸವಿದ್ದರೆ, ಅಥವಾ ಇಬ್ಬರೂ ಜೊತೆಗೆ ನಡೆಯುತ್ತಿದ್ದರೆ, ಮಾತು ಹೆಚ್ಚು ಹೊತ್ತು ನಿಲ್ಲುತ್ತದೆ. ಔಷಧಿಯನ್ನೂ ತೆಗೆದುಕೊಳ್ಳುತ್ತೇನೆ. ಮೀಥೈಲ್‌ಫೆನಿಡೇಟ್ ಎಂಬ ಆ ಔಷಧಿ ಮಿದುಳಿನಲ್ಲಿ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಲಭ್ಯತೆಯನ್ನು ಹೆಚ್ಚಿಸುತ್ತದೆ. ವೈದ್ಯರ ಸಲಹೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಅದು ಗದ್ದಲವನ್ನು ತಗ್ಗಿಸಿಕೊಟ್ಟಿತು, ತಿರುಗಿ ಕೇಳುವ ಅಭ್ಯಾಸವನ್ನು ಕಲಿಸಿಕೊಡಲಿಲ್ಲ.

ಮನೆಯಲ್ಲಿ ಹೆಂಡತಿ ಈಗ ಇನ್ನೊಂದು ಕೋಣೆಯಿಂದ ಕೂಗಿ ಹೇಳುವುದಿಲ್ಲ. ಹತ್ತಿರ ಬಂದು, ಹೆಸರು ಹಿಡಿದು ಕರೆದು, ನಾನು ತಿರುಗುವವರೆಗೆ ನಿಲ್ಲುತ್ತಾಳೆ. ಬೇಡದ ಕೆಲಸವಾದರೆ ಬೇಡ ಎಂಬ ಪದವನ್ನೇ ಮೊದಲು ಹೇಳುತ್ತಾಳೆ, ವ್ಯಾಕರಣ ಸ್ವಲ್ಪ ಮುರಿದರೂ ಸರಿ: ಬೇಡ, ನಾಳೆ ಬೀಗದ ಕೈ ಬೇಡ. ಒಬ್ಬರ ಎದುರು ಒಬ್ಬರು ಕುಳಿತು ಆಡುವ ಮಾತು ಈಗ ಬಹುಪಾಲು ನನ್ನ ಕೈಗೆ ಸಿಗುತ್ತದೆ. ಆದರೆ ಆರೇಳು ಜನ ಸೇರಿ, ಒಬ್ಬರ ಮಾತಿನ ಮೇಲೊಬ್ಬರು ಮಾತನಾಡಿ ನಗುವ ಕಡೆ ನನಗೆ ಇನ್ನೂ ದಾರಿ ಸಿಕ್ಕಿಲ್ಲ. ಎಲ್ಲರೂ ನಕ್ಕಾಗ ನಾನೂ ನಗುವುದನ್ನು ಮಾತ್ರ ನಿಲ್ಲಿಸಿದ್ದೇನೆ. ಪಕ್ಕದಲ್ಲಿ ಕುಳಿತವರ ಕಡೆಗೆ ಬಾಗಿ, ಏತಕ್ಕೆ ನಕ್ಕದ್ದು ಎಂದು ಕೇಳುತ್ತೇನೆ.

ನಮಸ್ಕಾರ.