ಕೇಸ್ ಶೀಟಿನ ಇನ್ಫಾರ್ಮೆಂಟ್ ಮಾತಾಡುತ್ತಾಳೆ

ಮಾನಸಿಕ ಆರೋಗ್ಯದ ಪಾಠ ಕಲಿಯುತ್ತಿರುವ ಎಲ್ಲರಿಗೂ ನಮಸ್ಕಾರ. ನೀವು ಬರೆಯುವ ಕೇಸ್ ಶೀಟಿನ ಮೇಲ್ಗಡೆ ಒಂದು ಸಾಲು ಇರುತ್ತೆ, ಅಲ್ವಾ? 'ಇನ್ಫಾರ್ಮೆಂಟ್: ತಾಯಿ. ರಿಲಯಬಲ್, ಅಡಿಕ್ವೇಟ್.' ಅಂದರೆ ರೋಗಿಯ ಬಗ್ಗೆ ಮಾಹಿತಿ ಕೊಟ್ಟವರು ತಾಯಿ, ಮಾಹಿತಿ ನಂಬಬಹುದು, ಸಾಕಷ್ಟಿದೆ ಅಂತ. ಆ ತಾಯಿ ನಾನೇ. 14 ವರ್ಷದಲ್ಲಿ ಎಷ್ಟೋ ಕೈಬರಹಗಳಲ್ಲಿ ಆ ಸಾಲು ನೋಡಿದ್ದೇನೆ. ಒಬ್ಬ ಹುಡುಗ ಮಾತ್ರ 'ಅಡಿಕ್ವೇಟ್' ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದ. ಆಗ ನನಗೆ ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲ, ತಾರೀಖುಗಳೆಲ್ಲ ಕಲಸಿಹೋಗಿದ್ದವು. ಅವನು ಅದನ್ನು ಕೇಳಲಿಲ್ಲ.

ಮಗನ ಕಥೆ ಹೇಳಲು ನಾನು ಬಂದಿಲ್ಲ. ಹೊರಡುವ ಮುಂಚೆ ಅವನನ್ನೇ ಕೇಳಿದೆ. "ನಿನ್ನದು ಹೇಳಮ್ಮ, ನನ್ನದು ಬೇಡ" ಅಂದ. ಹಾಗಾಗಿ ರೋಗದ ಲಕ್ಷಣ ಕೇಳಬೇಡಿ. ಅದು ನಿಮ್ಮ ಪುಸ್ತಕದಲ್ಲಿದೆ.

ಪುಸ್ತಕದಲ್ಲಿ ನಾವೂ ಇದ್ದೇವೆ ಅನ್ನಿ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್ಮನ್ ಎಂಬ ಮನೋವೈದ್ಯೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ತರಿಸುವ ತಾಯಿ ಅನ್ನುವ ಅರ್ಥದ ಮಾತು ಬರೆದರು. ಆ ವಾದ ಎಂದೋ ಬಿದ್ದುಹೋಯಿತು, ನೆರಳು ಉಳಿದಿದೆ. 'ಎಕ್ಸ್‌ಪ್ರೆಸ್ಡ್ ಎಮೋಷನ್', ಅಂದರೆ ಮನೆಯವರ ಟೀಕೆ, ಸಿಟ್ಟು, ಅತಿ ಕಾಳಜಿಯಿಂದ ಕಾಯಿಲೆ ಮರುಕಳಿಸಬಹುದು ಅನ್ನುವ ಪಾಠ ಮುಗಿಸಿ ನೇರ ವಾರ್ಡಿಗೆ ಬರುವವರು, ನಾನು ದನಿ ಏರಿಸಿದ್ದನ್ನು ಬರೆದುಕೊಳ್ಳುತ್ತಾರೆ. ಅದಕ್ಕೂ ಮುಂಚೆ ಅದೇ ಮಾತನ್ನು ಹತ್ತು ಸಲ ಮೆತ್ತಗೆ ಹೇಳಿದ್ದೆ. ಅದು ಎಲ್ಲೂ ದಾಖಲಾಗಲ್ಲ.

ಮನೆಯವರನ್ನು ಸೇರಿಸಿಕೊಳ್ಳುವುದು ನಮ್ಮ ದೇಶಕ್ಕೆ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ನಮ್ಮ ನಿಮ್ಹಾನ್ಸ್‌ನಲ್ಲೂ ಕುಟುಂಬಗಳಿಗೇ ಒಂದು ಕೇಂದ್ರವಿದೆ. ಆದರೆ ವಾರ್ಡಿಗೆ ಬನ್ನಿ ಅಂದವರು ಕ್ಲಾಸಿಗೆ ಬನ್ನಿ ಅನ್ನುವುದು ಅಪರೂಪ. ಇಂಗ್ಲೆಂಡಿನಲ್ಲಿ 2003ರಲ್ಲಿ ಹೊಸ ಸೋಷಿಯಲ್ ವರ್ಕ್ ಡಿಗ್ರಿ ಶುರುವಾದಾಗ, ಸೇವೆ ಪಡೆಯುವವರೂ ಆರೈಕೆ ಮಾಡುವ ಮನೆಯವರೂ ಕಲಿಸುವ ಕೆಲಸದಲ್ಲಿ ಇರಲೇಬೇಕು ಅಂತ ನಿಯಮ ಬಂತು. ವಿದ್ಯಾರ್ಥಿಗಳನ್ನು ಆರಿಸುವ ಸಂದರ್ಶನದಲ್ಲೂ ಅವರು ಕೂರುತ್ತಾರೆ. ನನಗೆ ಹೊಟ್ಟೆಕಿಚ್ಚಾಗಿದ್ದು ಅದಕ್ಕೇ!

ಇಲ್ಲಿ ಕರೆದರೆ ಶಾಲು, ಹಣ್ಣಿನ ಬುಟ್ಟಿ, ಒಂದು ಫೋಟೊ. ಸಂತೋಷ. ಆದರೆ ನಾನಿಲ್ಲಿ ನಿಂತಿರೋ ಹೊತ್ತಿಗೆ ನನ್ನ ತಂಗಿ ಒಂದು ದಿನದ ಸಂಬಳ ಬಿಟ್ಟು ನಮ್ಮ ಮನೆಯಲ್ಲಿ ಕೂತಿದ್ದಾಳೆ. ಗೆಸ್ಟ್ ಲೆಕ್ಚರರ್‌ಗೆ ಕೊಡುವಷ್ಟನ್ನೇ ನಮಗೂ ಕೊಡಿ. ಮುಂದಿನ ಸಾಲಿನ ಮೇಷ್ಟ್ರು ನಗುತ್ತಿದ್ದಾರೆ. ಸಾರ್, ನಾನು ತಮಾಷೆ ಮಾಡ್ತಿಲ್ಲ. ಸುಮ್ನೆ ವರ್ಷಕ್ಕೊಮ್ಮೆ ಕರೆದು, ಅಳಿಸಿ ಕಳಿಸಬೇಡಿ. ಪಾಠದ ಪಟ್ಟಿ ಮಾಡುವಾಗ ಕರೆಯಿರಿ, ಮಾರ್ಕ್ಸ್ ಕೊಡುವಾಗಲೂ ಕರೆಯಿರಿ.

ಇನ್ನೊಂದು ಮಾತು ನಾವು ಜಾಸ್ತಿ ಕೇಳಿಸಿಕೊಳ್ಳುವುದು: "ಕಾನ್ಫಿಡೆನ್ಷಿಯಲ್ ಅಮ್ಮ, ಹೇಳೋ ಹಾಗಿಲ್ಲ." ಸರಿ, ಅವನ ಗುಟ್ಟು ಹೇಳಬೇಡಿ. ನಾನು ಹೇಳೋದನ್ನು ಕೇಳಬಾರದು ಅಂತ ಯಾವ ಕಾನೂನಿನಲ್ಲಿದೆ?

ಈಗ ಪೆನ್ನು ಕೆಳಗಿಡಿ. ಯಾವುದೋ ಒಂದು ಮನೆ ಅಂದುಕೊಳ್ಳಿ. ರಾತ್ರಿ 11 ಗಂಟೆ. ಮೂರು ದಿನದಿಂದ ಮಾತ್ರೆ ತಲೆದಿಂಬಿನ ಕೆಳಗೆ ಸೇರಿದೆ, ಇವತ್ತು ಗೊತ್ತಾಗಿದೆ. ನಾನು ನಿಮಗೆ ಫೋನ್ ಮಾಡಿದ್ದೇನೆ. ನಿಮ್ಮ ಮೊದಲ ಮಾತು ಏನು? ಹಿಂದಿನ ಬೆಂಚಿನಿಂದ ಶುರು ಮಾಡೋಣ.