ಕತ್ತೆ ಕುದುರೆಗಳ ಲೆಕ್ಕದಲ್ಲಿ ಉಳಿದ ಭಾಷೆ

ಸ್ಕ್ರೀನ್ ಮೇಲಿರುವ ಈ ಮರದ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿ. ಈಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಸಿಕ್ಕಿದ್ದು ಪಶ್ಚಿಮ ಚೀನಾದಲ್ಲಿ, ತಕ್ಲಾಮಕಾನ್ ಮರುಭೂಮಿಯ ಉತ್ತರದ ಅಂಚಿನ ಕುಚಾ ಹತ್ತಿರ. 1907ರಲ್ಲಿ ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ ಅಲ್ಲಿ ಅಗೆಸಿದಾಗ ಇಂಥ ಎಷ್ಟೋ ಪಟ್ಟಿಗಳು ಹೊರಬಂದವು.

ಇದರ ಭಾಷೆ ತೊಖಾರಿಯನ್. ಆಡುವವರು ಇಲ್ಲವಾಗಿ ಸಾವಿರ ವರ್ಷವೇ ಆಗಿದೆ. ಲಿಪಿ ಮಾತ್ರ ಬ್ರಾಹ್ಮಿಯ ಒಂದು ಬಗೆ. ಮಸ್ಕಿಯ ಅಶೋಕ ಶಾಸನದಲ್ಲಿರುವುದೂ ಬ್ರಾಹ್ಮಿ, ನಮ್ಮ ಕನ್ನಡ ಲಿಪಿ ಹುಟ್ಟಿದ್ದೂ ಅದರಿಂದಲೇ, ಅಲ್ವಾ? ಹಾಗಾಗಿ ಅಕ್ಷರ ಓದುವುದು ದೊಡ್ಡ ಕಷ್ಟವಾಗಲಿಲ್ಲ. ಸಂಸ್ಕೃತದ ಜೊತೆಜೊತೆಗೇ ಬರೆದ ಬೌದ್ಧ ಗ್ರಂಥಗಳಿಂದ ಅರ್ಥವೂ ಬಿಚ್ಚಿಕೊಂಡಿತು.

1908ರಲ್ಲಿ ಜರ್ಮನಿಯ ಎಮಿಲ್ ಸೀಗ್, ವಿಲ್ಹೆಲ್ಮ್ ಸೀಗ್ಲಿಂಗ್ ಇದು ಸಂಸ್ಕೃತ, ಲ್ಯಾಟಿನ್‌ಗಳೂ ಸೇರಿರುವ ಇಂಡೋ-ಯುರೋಪಿಯನ್ ಕುಟುಂಬದ ಭಾಷೆ ಎಂದು ತೋರಿಸಿದರು. ಅಪ್ಪನಿಗೆ ಪಾಚೆರ್, ಅಮ್ಮನಿಗೆ ಮಾಚೆರ್. ನೂರಕ್ಕೆ ಮಾತ್ರ ಸಂಸ್ಕೃತದ ‘ಶತ’ದಂಥ ಪದವಿಲ್ಲ, ‘ಕಂತೆ’ ಇದೆ. ಲ್ಯಾಟಿನ್‌ನಲ್ಲಿ ‘ಕೆಂಟುಮ್’. ಅಲ್ಲಿಯವರೆಗೆ ‘ಕ’ ಉಳಿಸಿಕೊಂಡ ಭಾಷೆಗಳು ಪಶ್ಚಿಮದವು, ‘ಶ’, ‘ಸ’ ಮಾಡಿಕೊಂಡವು ಪೂರ್ವದವು ಎಂದು ಗೆರೆ ಎಳೆದಿದ್ದರು. ಇಷ್ಟು ದೂರದ ಪೂರ್ವದಲ್ಲಿ ‘ಕ’ ಸಿಕ್ಕಿದ ಮೇಲೆ ಆ ಗೆರೆ ನಿಲ್ಲಲಿಲ್ಲ. ಈಗಿನ ಟರ್ಕಿಯ ಕಡೆ ಹಿಂದೆ ಇದ್ದ ಹಿಟೈಟ್ ಭಾಷೆಗಳ ಬಳಗ ಬೇರೆಯಾದ ಮೇಲೆ ಮೂಲ ಕುಟುಂಬದಿಂದ ಹೊರಟ ಮುಂದಿನ ಶಾಖೆ ತೊಖಾರಿಯನ್ ಎಂದು ಇವತ್ತು ಬಹಳಷ್ಟು ತಜ್ಞರು ಹೇಳುತ್ತಾರೆ.

ಆ ಮರುಭೂಮಿಯ ಕಡೆ ಸಿಕ್ಕಿರುವ ಪ್ರಸಿದ್ಧ ಮಮ್ಮಿಗಳೇ, ಅಂದರೆ ಕೊಳೆಯದೆ ಒಣಗಿ ಉಳಿದ ಹಳೆಯ ಶವಗಳೇ, ತೊಖಾರಿಯನ್ನರು ಎಂದು ಸುಮ್ನೆ ಹೇಳಿಬಿಡುವವರಿದ್ದಾರೆ. ಬಹಳ ಹಳೆಯ ಮಮ್ಮಿಗಳು ಆ ಕಡೆಯ ಮೂಲ ಜನರವು ಎಂದು 2021ರ ಡಿಎನ್‌ಎ ಅಧ್ಯಯನ ತೋರಿಸಿತು. ಅವರು ಯಾವ ಬರಹವನ್ನೂ ಬಿಟ್ಟುಹೋಗಿಲ್ಲ.

ಈ ಪಟ್ಟಿಯಲ್ಲಿ ಬರಹವಿದೆ. ಇದು ವ್ಯಾಪಾರಿಗಳ ರಹದಾರಿ. ಕಾವಲು ಠಾಣೆಯವರಿಗೆ ಬರೆದದ್ದು. ಇಂಥವನು ಬರುತ್ತಿದ್ದಾನೆ, ಜೊತೆಗೆ ಇಷ್ಟು ಜನ, ಇಷ್ಟು ಕತ್ತೆ, ಇಷ್ಟು ಕುದುರೆ. ಬಿಡಿ. ಇದಕ್ಕಿಂತ ಜಾಸ್ತಿ ಇದ್ದರೆ ಬಿಡಬೇಡಿ. ಕೊನೆಗೆ ರಾಜನ ಆಳ್ವಿಕೆಯ ವರ್ಷ, ತಿಂಗಳು, ದಿನ. ರಾಜ ಸ್ವರ್ಣತೆಪೆ, ಅಂದರೆ ಸುವರ್ಣದೇವ. ಚೀನೀ ಚರಿತ್ರೆಗಳಲ್ಲಿ ಬರುವ 7ನೇ ಶತಮಾನದ ಕುಚಾ ದೊರೆ ಇವನೇ ಎಂದು 1913ರಲ್ಲಿ ಫ್ರೆಂಚ್ ವಿದ್ವಾಂಸ ಸಿಲ್ವೇನ್ ಲೆವಿ ಗುರುತಿಸಿದರು. ಭಾಷೆಗೆ ಒಂದು ಊರೂ ಕಾಲವೂ ಸಿಕ್ಕಿತು.

ನನಗೆ ಈ ಪಟ್ಟಿಗಳ ಮೇಲೆ ವಿಪರೀತ ಪ್ರೀತಿ. ಧರ್ಮಗ್ರಂಥವಾದರೆ ಭಿಕ್ಷುಗಳ ಜೊತೆ ಎಲ್ಲಿಂದಲೋ ಬಂದಿರಬಹುದು. ಠಾಣೆಯ ಗುಮಾಸ್ತ ಕತ್ತೆ ಎಣಿಸಿ ಬರೆದದ್ದು ಅಲ್ಲಿ ದಿನನಿತ್ಯ ನಡೆಯುತ್ತಿದ್ದ ಭಾಷೆಯಲ್ಲಿ.