ಗಾಳದ ಕೋಲು ಕಟ್ಟಕಡೆಗೆ ಕೊಳ್ಳಿ

ಕೇಳುಗರಿಗೆ ನಮಸ್ಕಾರ.

ಗಾಳ ಹಾಕುವ ಹುಚ್ಚು ಹತ್ತಿದವರು ಮೊದಲು ಕೊಳ್ಳುವುದೇ ಕೋಲನ್ನು. ಅಂಗಡಿಯಲ್ಲಿ ಉದ್ದನೆಯದು, ಮಿಂಚುವಂಥದು ಕಣ್ಣಿಗೆ ಬೀಳುತ್ತದೆ. ಗಾಳಿಯಲ್ಲಿ ಎರಡು ಸಲ ಬೀಸಿ ನೋಡಿ ದುಡ್ಡು ಎಣಿಸಿಬಿಡುತ್ತಾರೆ. ನಾನು ಹೇಳುವುದು ಇದರ ಉಲ್ಟಾ. ಮೊದಲು ಮೀನು ಯಾವುದು ಅಂತ ನೋಡಿ. ಆಮೇಲೆ ಕೊಕ್ಕೆ, ದಾರ, ದಾರ ಸುತ್ತುವ ರೀಲು. ಕೋಲು ಕಟ್ಟಕಡೆಗೆ.

ಕಾಟ್ಲಾ ಮೀನಿನ ಬಾಯಿ ಮೇಲಕ್ಕೆ ತಿರುಗಿರುತ್ತದೆ. ಅದು ಮೇಲಿನ ನೀರಲ್ಲೇ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್, ಗೆಂಡೆ ತಳದ ಕೆಸರು ಕೆದಕುತ್ತವೆ. ಹಾಗಾಗಿ ಕಾಟ್ಲಾಗೆ ಬೆಂಡು ಕಟ್ಟಿ ಎರೆಯನ್ನು ಮೇಲೇ ತೂಗಿಬಿಡಬೇಕು. ಗೆಂಡೆಗಾದರೆ ಸೀಸದ ಗುಂಡು ಹಾಕಿ ತಳ ಮುಟ್ಟಿಸಬೇಕು.

ಕೊಕ್ಕೆಯ ನಂಬರು ಹೊಸಬರನ್ನು ಗೊಂದಲಕ್ಕೆ ಬೀಳಿಸುತ್ತದೆ. ನಂಬರು ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು. ಜಿಲೇಬಿ ಮೀನಿಗೆ 10 ಸಾಕು, ರೋಹು, ಗೆಂಡೆಗೆ 4 ಅಥವಾ 6. ಒಂದನೇ ನಂಬರು ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. 1ರ ಪಕ್ಕ ಗೀಟು ಎಳೆದು ಸೊನ್ನೆ ಬರೆದಿದ್ದರೆ ಅದು ದೊಡ್ಡದು, 2ರ ಪಕ್ಕ ಬರೆದಿದ್ದರೆ ಇನ್ನೂ ದೊಡ್ಡದು. ಜೊಂಡಿನಲ್ಲಿ ಅಡಗಿ ಕಪ್ಪೆ ನುಂಗುವ ಮರಲ್ ಮೀನಿಗೆ ಅಂಥದ್ದೇ ಬೇಕು. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರಿದರೆ ಸರಿ, ಜಾರಿದರೆ ಮೊಂಡಾಗಿದೆ.

ಇನ್ನು ದಾರ. ಇದನ್ನು ನೀರಿನ ತಳ ನೋಡಿ ಆರಿಸಬೇಕು. ಶಹಾಬಾದ್ ಕಡೆ ಕಾಗಿಣಾ ನದಿಯಲ್ಲಿ ಹಾಸುಗಲ್ಲಿನ ಅಂಚಿಗೆ ತಾಗಿದರೆ ತೆಳು ದಾರ ಉಳಿಯುವುದಿಲ್ಲ. ಅಲ್ಲಿ ಒಂದು ಸುತ್ತು ದಪ್ಪದ್ದೇ ಇರಲಿ. ಮೆತ್ತನೆ ಕೆಸರಿನ ಕೆರೆಯಲ್ಲಿ ಎರಡು ಮೂರು ಕಿಲೋ ಮೀನಿಗೆ 0.30 ಮಿಲಿಮೀಟರಿನ ನೈಲಾನ್ ದಾರ ಧಾರಾಳವಾಯಿತು. ಗಂಟು ಬಿಗಿಯುವ ಮುಂಚೆ ಉಗುಳು ಹಚ್ಚಿ ಒದ್ದೆ ಮಾಡಿ. ಒಣಗಂಟು ಎಳೆಯುವಾಗ ಬಿಸಿಯಾಗಿ ದಾರ ಸೊರಗುತ್ತದೆ. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ? ನೈಲಾನಿಗೂ ಅದು ಆಗಿಬರುವುದಿಲ್ಲ. ವರ್ಷಗಟ್ಟಲೆ ಅಂಗಡಿ ಮುಂದೆ ಬಿಸಿಲಲ್ಲಿ ನೇತಾಡಿದ ದಾರ ಅರ್ಧ ಬೆಲೆಗೆ ಸಿಕ್ಕರೂ ಬೇಡ.

ರೀಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 3000 ನಂಬರಿನ ಸ್ಪಿನ್ನಿಂಗ್ ರೀಲು ಇಲ್ಲಿನ ಬಹುಪಾಲು ಮೀನಿಗೆ ಆಗುತ್ತದೆ. ಅದರ ಡ್ರ್ಯಾಗ್ ತಿರುಪನ್ನು ಮಾತ್ರ ಕಲಿತುಕೊಳ್ಳಿ. ಮೀನು ಜಗ್ಗಿದಾಗ ಇದು ದಾರವನ್ನು ಅಷ್ಟಷ್ಟೇ ಬಿಟ್ಟುಕೊಡುತ್ತದೆ. ದಾರ ಎಷ್ಟು ತೂಕ ತಾಳುತ್ತದೋ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬಿಗಿ ಇಟ್ಟರೆ ಸಾಕು.

ಈಗ ಕೋಲು. ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಎಷ್ಟು ತೂಕ ತಾಳುವ ದಾರ ಹಾಕಬೇಕು, ಎಷ್ಟು ಗ್ರಾಂ ತೂಕ ಕಟ್ಟಿ ಎಸೆಯಬಹುದು ಅಂತ ಬರೆದಿರುತ್ತದೆ. ನಿಮ್ಮ ದಾರ ಆ ಲೆಕ್ಕದೊಳಗೆ ಬರಬೇಕು. ಕಾರಂಜಾ, ಬೆಣ್ಣೆತೊರೆ ಜಲಾಶಯದ ದಂಡೆಯಿಂದ ದೂರ ಎಸೆಯಲು 9 ಅಡಿ ಒಳ್ಳೆಯದು. ಗಿಡಗಂಟಿ ತುಂಬಿದ ಕೆರೆ ಅಂಚಿಗೆ 7 ಅಡಿ ಸಾಕು. ಮರಲ್ ಮೀನನ್ನು ಜೊಂಡಿನಿಂದ ಎಳೆದು ತೆಗೆಯಬೇಕಾದ್ದರಿಂದ ಅದಕ್ಕೆ ಗಟ್ಟಿ ಕೋಲೇ ಬೇಕು. ಕೊಳ್ಳುವಾಗ ಒಂದು ಚೂರು ಹತ್ತಿಯನ್ನು ಕೋಲಿನ ಮೇಲೆ ದಾರ ಹಾಯುವ ಪ್ರತಿ ಉಂಗುರದ ಒಳಗೂ ಆಡಿಸಿ. ಎಳೆ ಸಿಕ್ಕಿಕೊಂಡರೆ ಉಂಗುರದಲ್ಲಿ ಬಿರುಕಿದೆ. ಅದು ದಾರವನ್ನು ತಿಂದುಹಾಕುತ್ತದೆ.

ಕಾರ್ಬನ್ ಕೋಲು ಹಗುರ, ಮೀನು ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಫೈಬರ್‌ಗ್ಲಾಸ್ ಭಾರ, ಆದರೆ ಒರಟು ಕೈಯನ್ನೂ ತಾಳಿಕೊಳ್ಳುತ್ತದೆ. ಕಲಿಯುವವರಿಗೆ, ಅದರಲ್ಲೂ ಮಕ್ಕಳಿಗೆ, ನನ್ನ ಮತ ಫೈಬರ್‌ಗ್ಲಾಸಿಗೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ. ಭೀಮಾ ದಂಡೆಯ ಉದ್ದಕ್ಕೂ ಪಂಪ್‌ಸೆಟ್ಟಿನ ತಂತಿಗಳು ಹಾದುಹೋಗಿವೆ. ಅವುಗಳ ಕೆಳಗೆ ಯಾವ ಕೋಲನ್ನೂ ಎತ್ತಬೇಡಿ, ಫೈಬರ್‌ಗ್ಲಾಸ್ ಆದರೂ ಒದ್ದೆಯಾದ ಮೇಲೆ ನಂಬುವಂತಿಲ್ಲ. ಗುಡುಗು ಶುರುವಾದರೆ ಕೋಲು ಕೆಳಗಿಟ್ಟು ನೀರಿನಿಂದ ದೂರ ಸರಿಯಿರಿ. ಯಾದಗಿರಿ ಕಡೆ ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೊಣಕಾಲುದ್ದ ನೀರಿಗೂ ಇಳಿಯಬೇಡಿ.

ಹಾಂ, ಬಹಳಷ್ಟು ಕೆರೆಗಳ ಮೀನು ಗುತ್ತಿಗೆ ಹಿಡಿದವರದ್ದು. ಗಾಳ ಬಿಡುವ ಮುಂಚೆ ಅವರನ್ನೊಂದು ಮಾತು ಕೇಳಿ. ಕೊಕ್ಕೆ ಯಾವ ನಂಬರು ಹಾಕಬೇಕು ಅಂತಲೂ ಅವರೇ ಹೇಳಿಯಾರು.

ನಮಸ್ಕಾರ.